ಗುಡ್ಡದ ಬುಡದ ಮನೆಯವರು ಮೇ ತಿಂಗಳಲ್ಲೇ ಮಾಡಿ ಮುಗಿಸಬೇಕಾದ ಕೆಲಸ

ಮಲೆನಾಡಿನವರಿಗೆ ಮಳೆಗಾಲದ ತಯಾರಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇ ಮುಗಿಯುವುದರೊಳಗೆ ಸೌದೆ ಕೊಟ್ಟಿಗೆ ಸೇರಿರುತ್ತದೆ. ಹಂಚು ಕೈಯಾಡಿಸಿ ಆಗಿರುತ್ತದೆ. ಹಲಸಿನಕಾಯಿ ಹಪ್ಪಳ ಡಬ್ಬದಲ್ಲಿ, ಮಿಡಿ ಉಪ್ಪಿನಕಾಯಿ ಭರಣಿಯಲ್ಲಿ ತಯಾರಾಗಿ ಕೂತಿರುತ್ತವೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ಇದೆಲ್ಲ ಮನೆಯೊಳಗೆ ಬೆಚ್ಚಗೆ ಕೂರುವುದಕ್ಕೆ ಮಾಡಿಕೊಂಡ ತಯಾರಿ. ರಾತ್ರೋರಾತ್ರಿ ಮನೆ ಬಿಟ್ಟು ಹೊರಡಬೇಕಾದರೆ ಏನು ಮಾಡುವುದು, ಯಾರ ಮನೆಗೆ ಹೋಗುವುದು, ಅಜ್ಜಿಯನ್ನು ಯಾರು ಎತ್ತಿಕೊಳ್ಳುವುದು? ಇದನ್ನು ಮಾತಾಡಿಕೊಂಡ ಮನೆಗಳು ತೀರಾ ಕಡಿಮೆ.

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿತು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರೂ ಆಶ್ಲೇಷ ಮಳೆಯ ಆಸುಪಾಸಿನಲ್ಲೇ ಆದದ್ದು. ಕಾರಣ ಸರಳ. ಮೃಗಶಿರದಿಂದ ಪುಷ್ಯದವರೆಗೆ ಎರಡು ತಿಂಗಳು ಮಣ್ಣು ನೀರು ಕುಡಿದಿರುತ್ತದೆ. ಅದರ ಮೇಲೆ ಎರಡು ಮೂರು ದಿನ ಬಿಡದೆ ಹೊಡೆದರೆ ಮಣ್ಣಿಗೆ ಹಿಡಿತ ಉಳಿಯುವುದಿಲ್ಲ. ಹಾಗಂತ ಜುಲೈ ತಿಂಗಳಲ್ಲಿ ನಿಶ್ಚಿಂತೆಯಿಂದ ಇರಬಹುದು ಅಂತಲ್ಲ. ಯಲ್ಲಾಪುರದ ಕಳಚೆಯಲ್ಲಿ ಭೂಮಿ ಕುಸಿದದ್ದು 2021ರ ಜುಲೈನಲ್ಲಿ. ಅಂಕೋಲಾದ ಶಿರೂರಿನ ಗುಡ್ಡ ಹೆದ್ದಾರಿ ಮೇಲೆ ಬಿದ್ದದ್ದು 2024ರ ಜುಲೈ 16ಕ್ಕೆ.

ಹಾಗಾಗಿ ಈ ಲೇಖನದಲ್ಲಿ ಅಕ್ಕಿ ಬೇಳೆ ಎಷ್ಟು ಕೂಡಿಡಬೇಕು ಅನ್ನುವುದಕ್ಕೆ ಜಾಸ್ತಿ ಜಾಗ ಕೊಟ್ಟಿಲ್ಲ. ಅದು ನಿಮಗೆ ಗೊತ್ತು. ಹೊರಡುವ ತೀರ್ಮಾನವನ್ನು ಬಿಸಿಲಿರುವಾಗಲೇ ಮಾಡಿಟ್ಟುಕೊಳ್ಳುವುದು ಹೇಗೆ ಅನ್ನುವುದೇ ಇಲ್ಲಿನ ಮುಖ್ಯ ವಿಷಯ.

1. ಮನೆ ಸುತ್ತ ಒಂದು ಸುತ್ತು ಹಾಕಿ

ಮೊದಲು ಮನೆಯ ಹಿಂಬದಿ. ಜಾಗ ಸಮ ಮಾಡಲು ಗುಡ್ಡ ಕಡಿದಿದ್ದರೆ ಅಲ್ಲೊಂದು ಬರೆ, ಅಂದರೆ ಕಡಿದ ಮಣ್ಣಿನ ಗೋಡೆ, ನಿಂತಿರುತ್ತದೆ. ಹಿಂದಿನವರು ಗುದ್ದಲಿಯಲ್ಲಿ ಕಡಿಯುತ್ತಿದ್ದರು. ಎಷ್ಟು ಬೇಕೋ ಅಷ್ಟೇ ಕಡಿದು, ಓರೆಯಾಗಿ ಬಿಡುತ್ತಿದ್ದರು. ಈಗ ಜೆಸಿಬಿ ಬಂದು ಒಂದೇ ದಿನದಲ್ಲಿ ಹದಿನೈದು ಅಡಿ ಬರೆಯನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ ಹೋಗುತ್ತದೆ. ಕೊಡಗಿನ ಕುಸಿತಗಳನ್ನು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರೂ ಮನೆ, ರಸ್ತೆಗಾಗಿ ಇಳಿಜಾರನ್ನು ಹೀಗೆ ಕಡಿದದ್ದನ್ನು ದೊಡ್ಡ ಕಾರಣ ಅಂತಲೇ ಹೇಳಿದರು.

ಬರೆಯ ಎತ್ತರ ಅಳೆಯಿರಿ. ಅದರ ಬುಡದಿಂದ ಮನೆ ಗೋಡೆಗೆ ಎಷ್ಟು ದೂರ ಅಂತಲೂ ಅಳೆಯಿರಿ. ಎತ್ತರದಷ್ಟಾದರೂ ದೂರ ಇಲ್ಲದಿದ್ದರೆ ಆ ಬದಿಯ ಕೋಣೆಯಲ್ಲಿ ಮಳೆಗಾಲ ಮುಗಿಯುವ ತನಕ ಯಾರೂ ಮಲಗಬಾರದು. ನಮ್ಮ ಕಡೆ ಹಿಂಬದಿಯ ಕೋಣೆ ಸಾಮಾನ್ಯವಾಗಿ ವಯಸ್ಸಾದವರದ್ದೋ ಮಕ್ಕಳದ್ದೋ ಆಗಿರುತ್ತದೆ. ಮಂಚ ಎತ್ತಿ ಮುಂದಿನ ಕೋಣೆಗೆ ಹಾಕಿ. ಖರ್ಚಿಲ್ಲದ ಕೆಲಸ, ಅಲ್ವಾ?

ಆಮೇಲೆ ಬರೆಯ ಮೇಲೆ ಹತ್ತಿ. ಅಲ್ಲಿ ಮೂರು ವಿಷಯ ನೋಡಬೇಕು.

ಒಂದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ. ಮೇಲಿನ ತೋಟದ ನೀರು ನೇರವಾಗಿ ನಿಮ್ಮ ಬರೆಯ ಅಂಚಿಗೆ ಬರುತ್ತಿದ್ದರೆ, ಅಂಚಿಗಿಂತ ಸಾಕಷ್ಟು ಹಿಂದೆ ಅಡ್ಡ ಕಾಲುವೆ ತೆಗೆದು ಬದಿಯ ಹಳ್ಳಕ್ಕೆ ತಿರುಗಿಸಿ. ಕಾಲುವೆಯಲ್ಲಿ ನೀರು ನಿಲ್ಲಬಾರದು, ಓಡಬೇಕು. ಹಳೆಯ ಹಳ್ಳವನ್ನು ಮುಚ್ಚಿ ತೋಟ ಮಾಡಿದ್ದರೆ ಅದನ್ನು ಬಿಡಿಸಿ. ನೀರು ತನ್ನ ಹಳೇ ದಾರಿ ಮರೆಯುವುದಿಲ್ಲ.

ಎರಡು, ಇಂಗುಗುಂಡಿ. ಬಯಲುಸೀಮೆಗೆ ಅದು ವರ. ಆದರೆ ಮನೆಯ ಮೇಲ್ಬದಿಯ ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವುದು ಅಂದರೆ ಗುಡ್ಡದ ಹೊಟ್ಟೆಗೆ ನೀರು ತುಂಬಿಸಿದ ಹಾಗೆ. ಇದ್ದರೆ ಮಣ್ಣು ತುಂಬಿ ಗಟ್ಟಿ ಮಾಡಿ. ಈ ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಮೂರು, ಬಿರುಕು. ಬರೆಯ ಅಂಚಿಗೆ ಸಮನಾಗಿ, ಕೆಲವೊಮ್ಮೆ ಬಿಲ್ಲಿನಂತೆ ಬಾಗಿ ನೆಲ ಬಿರಿದಿದ್ದರೆ ಎಚ್ಚರ. ಬಿರುಕಿನ ಆಚೆ ಒಂದು, ಈಚೆ ಒಂದು ಗೂಟ ಹೊಡೆಯಿರಿ. ಎರಡರ ತಲೆಗೂ ಒಂದೊಂದು ಮೊಳೆ. ಮೊಳೆಯಿಂದ ಮೊಳೆಗೆ ಟೇಪಿನಲ್ಲಿ ಅಳೆದು ತಾರೀಕಿನ ಜೊತೆ ಬರೆದಿಡಿ. ಮಳೆ ಶುರುವಾಗುವವರೆಗೆ ವಾರಕ್ಕೊಮ್ಮೆ ಸಾಕು, ಆಮೇಲೆ ದಿನಾ ನೋಡಿ. ಅಳತೆ ಹೆಚ್ಚುತ್ತಿದೆ ಅಂದರೆ ನೆಲ ನಡೆಯುತ್ತಿದೆ. ಜೋರು ಮಳೆಯ ದಿನ ಮಾತ್ರ ಅಲ್ಲಿಗೆ ಹೋಗಬೇಡಿ. ಬಿರುಕಿಗೆ ಜೇಡಿಮಣ್ಣು ತುಂಬಿ, ಮೇಲೆ ಟಾರ್ಪಾಲು ಹೊದಿಸಿದರೆ ಒಳಗೆ ನೀರು ಇಳಿಯುವುದು ಕಡಿಮೆಯಾಗುತ್ತದೆ. ಅದರಿಂದ ಗುಡ್ಡ ನಿಲ್ಲುತ್ತದೆ ಅಂತಲ್ಲ, ಸ್ವಲ್ಪ ಸಮಯ ಸಿಗಬಹುದು. ಬಿರುಕಿನ ವಿಷಯವನ್ನು ಪಂಚಾಯಿತಿಗೂ ಬರವಣಿಗೆಯಲ್ಲೇ ತಿಳಿಸಿ.

ಕಲ್ಲಿನ ತಡೆಗೋಡೆ ಇದ್ದವರು ಅದರ ತೂತುಗಳನ್ನು ಬಿಡಿಸಿ. ಹಿಂದಿನ ನೀರು ಹೊರಗೆ ಬರಲೆಂದೇ ಆ ತೂತು ಬಿಟ್ಟಿರುತ್ತಾರೆ. ಪಾಚಿ, ಬೇರು ತುಂಬಿ ಮುಚ್ಚಿದ್ದರೆ ಗೋಡೆಯೇ ಉಬ್ಬಿ ಬೀಳುತ್ತದೆ. ಮನೆ ಮೇಲೆ ಬಾಗಿದ ಸಿಲ್ವರ್ ಓಕ್, ಒಣಗಿದ ಕೊಂಬೆಗಳಿದ್ದರೆ ಈಗಲೇ ಕಡಿಸಿ. ಲೈನ್ ಪಕ್ಕದ ಮರವಾದರೆ ಲೈನ್‌ಮ್ಯಾನ್‌ಗೆ ಹೇಳಿ ಕರೆಂಟ್ ತೆಗೆಸದೆ ಕೈ ಹಾಕಬೇಡಿ.

2. ಮಳೆಯನ್ನು ನೀವೇ ಅಳೆಯಿರಿ

ಹಳೇ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. "ನಿನ್ನೆ ನಿಮ್ಮಲ್ಲಿ ಎಷ್ಟು?" "ನಾಲ್ಕು ಇಂಚು ಇಪ್ಪತ್ತು ಸೆಂಟು." ಈ ಮಾತು ಇಲ್ಲದೆ ಅಲ್ಲಿ ಫೋನ್ ಸಂಭಾಷಣೆ ಮುಗಿಯುವುದೇ ಇಲ್ಲ. ಕಾಫಿ ಹೂವಿಗೆ, ಔಷಧಿ ಹೊಡೆಯುವುದಕ್ಕೆ ಅಂತ ಶುರುವಾದ ಅಭ್ಯಾಸ ಇದು. ಜೀವ ಉಳಿಸುವುದಕ್ಕೂ ಬೇಕು.

ಮಾಪಕ ಇಲ್ಲದವರು ಬಾಯಿ ಮತ್ತು ತಳ ಒಂದೇ ಅಗಲ ಇರುವ ಸ್ಟೀಲ್ ಡಬ್ಬವನ್ನು ಅಂಗಳದ ಮಧ್ಯೆ, ಮರ ಮಾಡುಗಳಿಂದ ದೂರ, ಒಂದು ಕಲ್ಲಿನ ಮೇಲೆ ಅಲುಗಾಡದಂತೆ ಇಡಿ. ಬಕೆಟ್ ಆಗುವುದಿಲ್ಲ, ಅದರ ಬಾಯಿ ಅಗಲ. ಬೆಳಿಗ್ಗೆ ಎಂಟೂವರೆಗೆ ಮರದ ಸ್ಕೇಲ್ ಅದ್ದಿ ಎಷ್ಟು ಮಿಲಿಮೀಟರ್ ನೀರಿದೆ ನೋಡಿ, ಬರೆದು, ಚೆಲ್ಲಿ. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಎಂಟೂವರೆಗೇ ಮುಗಿಯುವುದು. ಹಾಗಾಗಿ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬಹುದು.

ಇಲಾಖೆಯ ಭಾಷೆಯಲ್ಲಿ ಒಂದು ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರೀ ಮಳೆ. 115.6 ದಾಟಿದರೆ ಅತಿ ಭಾರೀ. 204.4ಕ್ಕಿಂತ ಜಾಸ್ತಿ ಆದರೆ ಅತ್ಯಂತ ಭಾರೀ. ಇಂಚಿನಲ್ಲಿ ಹೇಳುವುದಾದರೆ ಸುಮಾರು ಎರಡೂವರೆ, ನಾಲ್ಕೂವರೆ, ಎಂಟು. ಹಳದಿ ಅಲರ್ಟ್ ಅಂದರೆ ಸುದ್ದಿ ಗಮನಿಸುತ್ತಿರಿ ಅಂತ. ಕಿತ್ತಳೆ ಅಂದರೆ ಸಿದ್ಧವಾಗಿರಿ. ಕೆಂಪು ಅಂದರೆ ಕೆಲಸಕ್ಕೆ ಇಳಿಯಿರಿ. ನಮ್ಮಲ್ಲಿ ರೆಡ್ ಅಲರ್ಟ್ ಅಂದ ಕೂಡಲೇ ಶಾಲೆಗೆ ರಜೆ ಉಂಟೋ ಇಲ್ಲವೋ ಅನ್ನುವುದಷ್ಟೇ ಚರ್ಚೆ.

ಅಲರ್ಟ್ ಇಡೀ ಜಿಲ್ಲೆಗೆ ಕೊಡುವುದು. ಗುಡ್ಡದ ಈಚೆ ಎರಡು ಇಂಚು, ಆಚೆ ಏಳು ಇಂಚು ಬೀಳುವ ಊರುಗಳಲ್ಲಿ ನಿಮ್ಮ ಅಂಗಳದ ಡಬ್ಬದ ಮಾತನ್ನೂ ಕೇಳಬೇಕು.

3. ಯಾವಾಗ ಹೊರಡುವುದು ಅಂತ ಬರೆದಿಡಿ

ಇಡೀ ತಯಾರಿಯ ಮುಖ್ಯ ಭಾಗ ಇದೇ. ಮನೆಯವರೆಲ್ಲ ಊಟಕ್ಕೆ ಕೂತಾಗ ಮಾತಾಡಿ, ಒಂದು ಹಾಳೆಯಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ರಾತ್ರಿ ಎರಡು ಗಂಟೆಗೆ, ಕರೆಂಟಿಲ್ಲದ ಮನೆಯಲ್ಲಿ, ಅಪ್ಪ "ಏನೂ ಆಗೋದಿಲ್ಲ, ಸುಮ್ನೆ ಮಲ್ಕೊಳ್ಳಿ" ಅನ್ನುತ್ತಾ, ಮಗಳು "ಹೋಗೋಣಪ್ಪ" ಅನ್ನುತ್ತಾ ಜಗಳಕ್ಕೆ ಕೂತರೆ ಸೋಲುವುದು ಯಾವತ್ತೂ ಮಗಳೇ. ಮೊದಲೇ ಬರೆದಿಟ್ಟಿದ್ದರೆ ಜಗಳಕ್ಕೆ ಜಾಗ ಇರುವುದಿಲ್ಲ.

ಎರಡು ಬಗೆಯ ಗುರುತು ಇಟ್ಟುಕೊಳ್ಳಿ. ಮೊದಲನೆಯದು ಮಳೆಯ ಲೆಕ್ಕ. ಒಂದು ದಿನಕ್ಕೆ ಇಷ್ಟು ಇಂಚು, ಅಥವಾ ಮೂರು ದಿನಕ್ಕೆ ಕೂಡಿಸಿ ಇಷ್ಟು ಇಂಚು ದಾಟಿದರೆ ಸಂಜೆಯೊಳಗೆ ಹೊರಡುವುದು ಅಂತ. ಇಷ್ಟು ಅಂದರೆ ಎಷ್ಟು? ಆಗುಂಬೆಯ ಮಾಮೂಲಿ ಮಳೆ ಸೋಮವಾರಪೇಟೆಯ ಪೂರ್ವಕ್ಕೆ ಬಿದ್ದರೆ ಪ್ರಳಯ. ಆದ್ದರಿಂದ ಎಲ್ಲರಿಗೂ ಒಂದೇ ಅಂಕಿ ಹೊಂದುವುದಿಲ್ಲ. ನಿಮ್ಮ ಊರಲ್ಲಿ ಹಿಂದೆ ಬರೆ ಬಿದ್ದ ದಿನಗಳಲ್ಲಿ ಎಷ್ಟು ಮಳೆಯಾಗಿತ್ತು ಅಂತ ಹಳೇ ಪುಸ್ತಕ ಇರುವ ಮನೆಯಲ್ಲಿ ಕೇಳಿ, ಅದಕ್ಕಿಂತ ಸಾಕಷ್ಟು ಕಡಿಮೆಗೆ ಗೆರೆ ಎಳೆಯಿರಿ. ಆಗಸ್ಟ್ ಬಂದ ಮೇಲೆ ಗೆರೆಯನ್ನು ಇನ್ನೂ ಕೆಳಗಿಳಿಸಿ.

ಎರಡನೆಯದು ನೆಲದ ಲಕ್ಷಣ. ಇವುಗಳಲ್ಲಿ ಒಂದು ಕಂಡರೂ ಮಳೆ ಲೆಕ್ಕ ನೋಡುತ್ತಾ ಕೂರಬಾರದು, ಹೊರಡಬೇಕು:

- ಮೊದಲಿಲ್ಲದ ಜಾಗದಲ್ಲಿ ನೀರು ಉಕ್ಕುವುದು, ಅದರಲ್ಲೂ ಕೆಸರು ನೀರು.
- ಸರಿಯಾಗಿದ್ದ ಬಾಗಿಲು ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗುವುದು, ಗೋಡೆ ನೆಲ ಬಿರಿಯುವುದು.
- ಮರ, ಕರೆಂಟ್ ಕಂಬ, ಬೇಲಿ ಓರೆಯಾಗುವುದು.
- ತುಂಬಿ ಹರಿಯುತ್ತಿದ್ದ ಹಳ್ಳ ಮಳೆ ನಿಲ್ಲದಿದ್ದರೂ ಸಟ್ಟನೆ ಇಳಿಯುವುದು.
- ಗುಡ್ಡದೊಳಗಿಂದ ಗುಡುಗಿನಂಥ ಸದ್ದು, ಮರ ಮುರಿಯುವ ಸದ್ದು.

ನಾಲ್ಕನೆಯದರ ಬಗ್ಗೆ ಒಂದು ಮಾತು. ಹಳ್ಳ ಇಳಿದರೆ ನಮಗೆ ಸಮಾಧಾನ ಆಗುತ್ತದೆ. ಆದರೆ ಮೇಲೆಲ್ಲೋ ಮಣ್ಣು ಮರ ಬಿದ್ದು ನೀರಿಗೆ ಕಟ್ಟೆ ಕಟ್ಟಿಕೊಂಡಿರಬಹುದು. ಆ ಕಟ್ಟೆ ಒಡೆದರೆ ಕಲ್ಲು, ಮರ, ಕೆಸರು ಎಲ್ಲ ಒಟ್ಟಿಗೆ ಬರುತ್ತದೆ. ಹಳ್ಳದ ಪಕ್ಕದ ಮನೆಯವರು ಇದನ್ನು ಮಕ್ಕಳಿಗೂ ಹೇಳಿಕೊಡಬೇಕು.

ಎಲ್ಲಿಗೆ ಹೋಗುವುದು ಅನ್ನುವುದನ್ನೂ ಬರೆಯಿರಿ. ನೆಂಟರ ಮನೆಯಾದರೆ ಈಗಲೇ ಕೇಳಿಡಿ. "ಆಗಸ್ಟ್‌ನಲ್ಲಿ ಒಂದು ನಾಲ್ಕು ರಾತ್ರಿ ಬರಬೇಕಾಗಬಹುದು ಅತ್ತಿಗೆ, ಅಮ್ಮನೂ ಇರ್ತಾರೆ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಸಂಕೋಚದಿಂದಲೇ ಎಷ್ಟೋ ಜನ ಮನೆಯಲ್ಲಿ ಉಳಿದುಬಿಡುತ್ತಾರೆ. ಹೋಗುವ ದಾರಿಯಲ್ಲಿ ಕಾಲುಸಂಕ, ತಗ್ಗಿನ ಸೇತುವೆ, ಬರೆಯ ಬುಡದ ರಸ್ತೆ ಇವೆಯೇ ನೋಡಿ. ಇದ್ದರೆ ಇನ್ನೊಂದು ದಾರಿ ಹುಡುಕಿ, ಅಥವಾ ನೀರೇರುವ ಮೊದಲೇ ಹೊರಡಿ. ಮಳೆ ಲೆಕ್ಕ ನೋಡಿ ಹೊರಡುವುದು ಯಾವಾಗಲೂ ಹಗಲಲ್ಲೇ. ಏನೂ ಆಗದೆ ಮರುದಿನ ವಾಪಸ್ ಬಂದರೆ ಊರವರು ನಗಬಹುದು. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

4. ಕೈಚೀಲ

ಇದು ಬೇಗ ಮುಗಿಯುವ ಕೆಲಸ. ಹೆಗಲಿಗೆ ಹಾಕುವ ಒಂದು ಚೀಲ ಸಾಕು, ಎರಡೂ ಕೈ ಖಾಲಿ ಇರಬೇಕು. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ.

ಮುಚ್ಚಳ ಗಟ್ಟಿಯಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಆಧಾರ್, ರೇಷನ್ ಕಾರ್ಡ್, ಪಹಣಿ, ಮನೆ ಪತ್ರದ ಪ್ರತಿ, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ. ಎಲ್ಲದರ ಫೋಟೊ ತೆಗೆದು ಊರಿನಿಂದ ಹೊರಗಿರುವ ಒಬ್ಬರಿಗೆ ಕಳಿಸಿಡಿ. ಹತ್ತು ದಿನದ ಮಾತ್ರೆ, ಮತ್ತು ಮಾತ್ರೆಯ ಹೆಸರು ಬರೆದ ಚೀಟಿ. ಬಿಪಿ, ಶುಗರ್ ಇರುವವರಿಗೆ ಇದು ಅನ್ನದಷ್ಟೇ ಮುಖ್ಯ. ಟಾರ್ಚು, ಬೇರೆ ಸೆಲ್, ಪವರ್ ಬ್ಯಾಂಕ್, ಪೀಪಿ, ಸಣ್ಣ ನೋಟಿನಲ್ಲಿ ಸ್ವಲ್ಪ ನಗದು. ಟವರ್ ಸತ್ತರೆ ಫೋನ್ ಪೇ ನಡೆಯುವುದಿಲ್ಲ. ಒಂದು ಜೊತೆ ಬಟ್ಟೆ, ಒಂದು ಕಂಬಳಿ, ಹೆಣ್ಣುಮಕ್ಕಳಿಗೆ ಪ್ಯಾಡು, ಬಿಸ್ಕತ್ತು ಅಥವಾ ಅವಲಕ್ಕಿ ಬೆಲ್ಲ, ನೀರಿನ ಬಾಟಲಿ. ಮುಖ್ಯ ಫೋನ್ ನಂಬರ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಈಗ ಗಂಡನ ನಂಬರೂ ಯಾರಿಗೂ ಬಾಯಿಪಾಠ ಇರುವುದಿಲ್ಲ.

ಹೊರಡುವಾಗ ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ, ಮೈನ್ ಸ್ವಿಚ್ ಇಳಿಸಿ. ದನಗಳ ಹಗ್ಗ ಬಿಚ್ಚಿ. ಜೊತೆಗೆ ಕರೆದುಕೊಂಡು ಹೋಗಲಾಗದಿದ್ದರೂ ಕಟ್ಟಿ ಹಾಕಿ ಹೋಗಬೇಡಿ, ಅವು ತಾವಾಗಿ ಎತ್ತರದ ಜಾಗ ಹುಡುಕಿಕೊಳ್ಳುತ್ತವೆ. ನಾಯಿಯ ಸರಪಳಿಯೂ ಹಾಗೇ. ಕೊಟ್ಟಿಗೆಯ ಪ್ರಾಣಿಗಳನ್ನು ಬಿಟ್ಟು ಬರಲು ಮನಸ್ಸಾಗದೆ ಉಳಿದವರ ಕತೆಗಳು ಪ್ರತಿ ಊರಲ್ಲೂ ಇವೆ. ಸಾಧ್ಯವಿದ್ದರೆ ಮಳೆ ಜೋರಾಗುವ ಮೊದಲೇ ಕರು, ಗಬ್ಬದ ಹಸುಗಳನ್ನು ಸಮತಟ್ಟಾದ ಜಾಗದವರ ಕೊಟ್ಟಿಗೆಗೆ ಹೊಡೆಯಿರಿ.

5. ಊರಿನ ಪಟ್ಟಿ

ಒಂದು ಮನೆ ಎಷ್ಟೇ ತಯಾರಾದರೂ ಪಕ್ಕದ ಮನೆಯವರು ಕೈ ಜೋಡಿಸದಿದ್ದರೆ ಅರ್ಧ ಕೆಲಸ ಆದಂತೆ. ರಸ್ತೆಗೆ ಮರ ಬಿದ್ದರೆ ಮೊದಲ ಕೆಲವು ಗಂಟೆ ಹೊರಗಿನಿಂದ ಯಾರೂ ಬರಲಾರರು. ಒಳಗಿರುವವರೇ ದಿಕ್ಕು.

ಹಾಲಿನ ಡೇರಿಯಲ್ಲೋ, ಸ್ವಸಹಾಯ ಸಂಘದ ಸಭೆಯಲ್ಲೋ ಒಂದು ನೋಟ್‌ಬುಕ್ ಇಟ್ಟು ಪಟ್ಟಿ ಮಾಡಿ. ಯಾವ ಮನೆಯಲ್ಲಿ ಎಷ್ಟು ಜನ, ಯಾರು ಹಾಸಿಗೆ ಹಿಡಿದಿದ್ದಾರೆ, ಯಾರು ಬಸುರಿ, ಯಾರಿಗೆ ಡಯಾಲಿಸಿಸ್. ಪ್ರತಿಯೊಬ್ಬರ ಹೆಸರಿನ ಮುಂದೆ ಅವರನ್ನು ಕರೆತರುವ ಇಬ್ಬರ ಹೆಸರು. ಒಬ್ಬರು ಸಾಲದು, ಆ ದಿನ ಅವರು ಪೇಟೆಗೆ ಹೋಗಿರಬಹುದು. ಜೀಪು ಯಾರಲ್ಲಿದೆ, ಮರ ಕೊಯ್ಯುವ ಮಿಷನ್ ಯಾರಲ್ಲಿದೆ, ಅದಕ್ಕೆ ಪೆಟ್ರೋಲ್ ಇದೆಯೇ, ದಪ್ಪ ಹಗ್ಗ, ಜನರೇಟರ್, ಏಣಿ ಎಲ್ಲಿವೆ, ನರ್ಸ್ ಕೆಲಸ ಮಾಡಿದವರು ಯಾರು. ಈ ಪಟ್ಟಿ ಎರಡು ಮೂರು ಮನೆಗಳಲ್ಲಿ ಇರಲಿ.

ಪಟ್ಟಿಯಲ್ಲಿ ಬಿಟ್ಟುಹೋಗುವವರು ತೋಟದ ಲೈನ್ ಮನೆಯವರು, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರು. ಅಸ್ಸಾಂನಿಂದಲೋ ಜಾರ್ಖಂಡ್‌ನಿಂದಲೋ ಬಂದ ಕುಟುಂಬಗಳಿಗೆ ನಮ್ಮ ಮಳೆಯೂ ಹೊಸದು, ಕನ್ನಡದ ಎಚ್ಚರಿಕೆಯೂ ಅರ್ಥವಾಗದು. ಅವರಲ್ಲಿ ಒಬ್ಬರಿಗೆ ಎಲ್ಲ ವಿವರಿಸಿ, ದಾರಿಯನ್ನು ನಡೆದು ತೋರಿಸಿ. ಲೈನ್ ಮನೆ ಇಳಿಜಾರಿನ ಬುಡದಲ್ಲಿದ್ದರೆ ಅವರನ್ನು ಮೊದಲು ಹೊರಡಿಸುವುದು ತೋಟದವರ ಜವಾಬ್ದಾರಿ.

ವಾಟ್ಸಾಪ್ ಗ್ರೂಪನ್ನು ನಂಬಿ ಕೂರಬೇಡಿ. ಕರೆಂಟ್ ಹೋಗಿ ಟವರಿನ ಡೀಸೆಲ್ ಮುಗಿದರೆ ಗ್ರೂಪೂ ಮುಗಿಯಿತು. ಕೊಡಗಿನಲ್ಲಿ ಸಾವಿನ ಸುದ್ದಿಗೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ. ಕೇಳಿದವರು ಕೆಲಸ ಬಿಟ್ಟು ಬರುತ್ತಾರೆ. ಅಪಾಯಕ್ಕೂ ಹಾಗೇ ಎಲ್ಲರಿಗೂ ಗೊತ್ತಿರುವ ಒಂದು ಗುರುತು ಬೇಕು. ದೇವಸ್ಥಾನದ ಗಂಟೆ ಬಿಡದೆ ಬಾರಿಸುವುದೋ, ಮೂರು ಸಲ ಪೀಪಿ ಊದುವುದೋ, ನಿಮ್ಮ ಊರೇ ತೀರ್ಮಾನಿಸಲಿ. ಜೂನ್ ಮೊದಲ ವಾರ ಒಮ್ಮೆ ಬಾರಿಸಿ ನೋಡಿ. ಮಳೆ ಸದ್ದಿನಲ್ಲಿ ಕೊನೆಯ ಮನೆಗೆ ಕೇಳುತ್ತದೆಯೇ ಅನ್ನುವುದು ಆಗ ತಿಳಿಯುತ್ತದೆ.

ಮನೆ ಬಿಟ್ಟು ಬಂದವರಿಗೆ ಶಾಲೆಯಂಥ ಕಡೆ ತೆರೆಯುವ ಕಾಳಜಿ ಕೇಂದ್ರ ನಿಮ್ಮಲ್ಲಿ ಎಲ್ಲಿರುತ್ತದೆ ಅಂತ ಪಂಚಾಯಿತಿಯ ಪಿಡಿಒ ಹತ್ತಿರ ಕೇಳಿ, ಹೋಗಿ ನೋಡಿ ಬನ್ನಿ. ಶಾಲೆಯೇ ಬರೆಯ ಬುಡದಲ್ಲಿದ್ದರೆ? ಶೌಚಾಲಯಕ್ಕೆ ನೀರಿಲ್ಲದಿದ್ದರೆ? ಈ ಪ್ರಶ್ನೆ ಮೇ ತಿಂಗಳ ಗ್ರಾಮಸಭೆಯಲ್ಲಿ ಎದ್ದರೆ ಉತ್ತರ ಸಿಗಬಹುದು.

ನಂಬರ್‌ಗಳು: ಎಲ್ಲ ತುರ್ತಿಗೂ 112. ಆಂಬುಲೆನ್ಸ್ 108. ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮ್ 1077, ರಾಜ್ಯದ್ದು 1070. ಕರೆಂಟಿಗೆ 1912. ತಹಶೀಲ್ದಾರ್ ಕಚೇರಿ ಮತ್ತು ನಿಮ್ಮ ಲೈನ್‌ಮ್ಯಾನ್ ನಂಬರನ್ನೂ ಇದರ ಕೆಳಗೆ ಬರೆಯಿರಿ.

6. ಮಳೆ ಹೊಡೆಯುತ್ತಿರುವಾಗ

ಹೊರಡಲಾಗದೆ ರಾತ್ರಿ ಮನೆಯಲ್ಲೇ ಸಿಕ್ಕಿಬಿದ್ದರೆ ಬರೆಗೆ ದೂರದ ಬದಿಯಲ್ಲಿ, ಮಹಡಿ ಇದ್ದರೆ ಮೇಲೆ, ಎಲ್ಲರೂ ಒಟ್ಟಿಗೆ ಇರಿ. ಬಟ್ಟೆ ಚಪ್ಪಲಿ ಹಾಕಿಕೊಂಡೇ ಮಲಗಿ, ಒಬ್ಬರು ಎದ್ದಿರಿ. ಗುಡ್ಡ ಜಾರುವ ಸದ್ದು ಕೇಳಿದರೆ ಇಳಿಜಾರಿನ ಉದ್ದಕ್ಕೆ ಕೆಳಗೆ ಓಡಬೇಡಿ. ಅಡ್ಡಕ್ಕೆ, ಮಣ್ಣು ಬರುವ ದಾರಿಯ ಬದಿಗೆ ಓಡಿ.

ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ. ಅರ್ಧ ಅಡಿ ರಭಸದ ನೀರು ಆಳನ್ನು ಕೆಡವುತ್ತದೆ. ಒಂದು ಅಡಿ ನೀರು ಸಣ್ಣ ಕಾರನ್ನು ಎಳೆದುಕೊಂಡು ಹೋಗುತ್ತದೆ.

ಕುಸಿದ ಜಾಗ ನೋಡಲು ಹೋಗಬೇಡಿ. ಮೊಬೈಲ್ ಹಿಡಿದು ಅಂಚಿನಲ್ಲಿ ನಿಂತವರನ್ನು ಪ್ರತಿ ಮಳೆಗಾಲ ನೋಡುತ್ತೇವೆ. ಒಮ್ಮೆ ಜಾರಿದ ಜಾಗ ಇನ್ನೊಮ್ಮೆ ಜಾರಬಹುದು. ಅಪಾಯ ಬುಡದಲ್ಲಿ ಮಾತ್ರ ಅಂತಲೂ ತಿಳಿಯಬೇಡಿ. ಶಿರೂರಿನಲ್ಲಿ ಮಣ್ಣು ಹೆದ್ದಾರಿ ದಾಟಿ ಗಂಗಾವಳಿ ಹೊಳೆಗೆ ಬಿದ್ದಾಗ, ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು.

7. ಮನೆಗೆ ಮರಳಿದ ಮೇಲೆ

ಮಳೆ ನಿಂತ ಕೂಡಲೇ ಮರಳಬೇಡಿ. ಮಣ್ಣಿನೊಳಗಿನ ನೀರು ಇಳಿಯಲು ದಿನಗಳು ಬೇಕು. ಹೋದಾಗ ಮೊದಲು ಹೊರಗಿನಿಂದಲೇ ಬರೆ, ಗೋಡೆ, ವೈರ್ ನೋಡಿ. ತುಂಡಾದ ವೈರ್ ನೆಲಕ್ಕೆ ಬಿದ್ದಿದ್ದರೆ ಕರೆಂಟ್ ಇಲ್ಲ ಅಂದುಕೊಂಡು ಹತ್ತಿರ ಹೋಗಬೇಡಿ. ನೀರು ನುಗ್ಗಿದ ಮನೆಯಲ್ಲಿ ಎಲೆಕ್ಟ್ರಿಷಿಯನ್ ನೋಡದೆ ಮೈನ್ ಹಾಕಬೇಡಿ. ಸೌದೆ, ಹಂಚಿನ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ಹಾವು ಸೇರಿರುತ್ತದೆ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಏನೂ ಬೇಡ. ಅಲುಗಾಡಿಸದೆ ನೇರ ಆಸ್ಪತ್ರೆಗೆ.

ಬಾವಿಯ ನೀರು. ಕೆಸರು ನೀರು ನುಗ್ಗಿದ್ದರೆ ಪೂರ್ತಿ ಎತ್ತಿ ಹಾಕಿ, ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಕು. ಲೆಕ್ಕ 1000 ಲೀಟರಿಗೆ ಸುಮಾರು 2.5 ಗ್ರಾಂ. ಆರು ಅಡಿ ಅಗಲದ ಬಾವಿಯಲ್ಲಿ ಹತ್ತು ಅಡಿ ನೀರಿದ್ದರೆ ಸುಮಾರು 8000 ಲೀಟರ್, ಅಂದರೆ 20 ಗ್ರಾಂ. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮತ್ತೆ ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿಕೊಂಡು, ಅದನ್ನು ಹಗ್ಗದಲ್ಲಿ ನೀರಿನಾಳಕ್ಕೆ ಇಳಿಸಿ ಮೇಲೆ ಕೆಳಗೆ ಆಡಿಸಿ. ಸುಣ್ಣವನ್ನು ಬಾವಿಗೆ ಹಾಕಬೇಡಿ. ಸಂಜೆ ಮಾಡಿದರೆ ಬೆಳಿಗ್ಗೆ ನೀರು ಸೇದಬಹುದು. ಆದರೂ ಕೆಲವು ವಾರ ಕುದಿಸಿಯೇ ಕುಡಿಯಿರಿ. ಪೌಡರ್ ಹಳೆಯದಾಗಿದ್ದರೆ ಶಕ್ತಿ ಇರುವುದಿಲ್ಲ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಮುಂದಿನ ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಾಣಿಸಿಕೊಂಡರೆ ಇಲಿ ಜ್ವರ ಇರಬಹುದು. ಕಷಾಯ ಕುಡಿದು ಕಾಯಬೇಡಿ. ಕಾಲಿನಲ್ಲಿ ಗಾಯ ಇದ್ದವರು ಗಂಬೂಟು ಇಲ್ಲದೆ ಕೆಸರಿಗೆ ಇಳಿಯಬಾರದು. ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಪರಿಹಾರದ ವಿಷಯ. ಗುಡಿಸಿ ಸಾರಿಸುವ ಮೊದಲೇ ಫೋಟೊ ತೆಗೆಯಿರಿ. ಬಿದ್ದ ಗೋಡೆ, ಮುರಿದ ಹಂಚು, ಮಣ್ಣು ಮುಚ್ಚಿದ ತೋಟ, ಎಲ್ಲದರದ್ದೂ ದೂರದಿಂದ ಒಂದು, ಹತ್ತಿರದಿಂದ ಒಂದು. ದನ ಸತ್ತಿದ್ದರೆ ಹೂಳುವ ಮೊದಲು ಪಶುವೈದ್ಯರನ್ನು ಕರೆಸಿ, ಅವರ ಪ್ರಮಾಣಪತ್ರ ಇಲ್ಲದೆ ಕಡತ ಮುಂದೆ ಹೋಗುವುದಿಲ್ಲ. ಗ್ರಾಮ ಆಡಳಿತ ಅಧಿಕಾರಿ ಮಹಜರಿಗೆ ಬಂದಾಗ ಜೊತೆಗಿದ್ದು, ಮನೆಗೆ ಎಷ್ಟು ಹಾನಿ ಅಂತ ಬರೆದುಕೊಂಡರು ಅನ್ನುವುದನ್ನು ಓದಿ ಸಹಿ ಹಾಕಿ. ಪೂರ್ತಿ ಬಿದ್ದ ಮನೆಗೂ ಭಾಗಶಃ ಬಿದ್ದ ಮನೆಗೂ ಸಿಗುವ ಹಣದಲ್ಲಿ ಬಹಳ ವ್ಯತ್ಯಾಸ ಇದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಅಂತ ಮೇ ತಿಂಗಳಲ್ಲೇ ನೋಡಿಟ್ಟಿದ್ದರೆ ಒಂದು ಓಡಾಟ ಉಳಿಯುತ್ತದೆ. ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದ್ದರೆ ಬೆಳೆ ಪರಿಹಾರದ ಅರ್ಜಿ ಅಲ್ಲೇ ನಿಲ್ಲಬಹುದು. ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಪೌತಿ ಖಾತೆಗೆ ಈ ಬೇಸಿಗೆಯಲ್ಲೇ ನಾಡಕಚೇರಿಗೆ ಅರ್ಜಿ ಹಾಕಿ, ಸ್ವೀಕೃತಿ ಚೀಟಿಯನ್ನು ಆ ಪ್ಲಾಸ್ಟಿಕ್ ಡಬ್ಬದಲ್ಲೇ ಇಡಿ.